ನೆಲ ಮುಟ್ಟುವ ವಿದ್ಯೆ

ಮಳೆಗಾಲದ ಮೋಡ ಕವಿದು ಗಾಳಿಯಲ್ಲಿ ತೇವವೇರಿತೆಂದರೆ ನನ್ನ ನಡುವಿನಲ್ಲಿ ಒಂದು ನೋವು ಏಳುತ್ತದೆ. ನಲವತ್ತು ವರ್ಷಗಳ ಹಳೆಯ ನೋವು ಅದು. ಪಂಚಾಂಗಕ್ಕಿಂತ ಮೊದಲೇ ನನ್ನ ಬೆನ್ನುಮೂಳೆ ಮಳೆಯನ್ನು ಹೇಳುತ್ತದೆಂದು ಮನೆಯಲ್ಲಿ ಹಾಸ್ಯಮಾಡುವುದುಂಟು. ವಿದ್ಯಾರ್ಥಿನಿಲಯದ ಮೆಟ್ಟಿಲಿನಿಂದ ಜಾರಿಬಿದ್ದೆನೆಂದು ನಾನು ನಮ್ಮ ತಂದೆಯವರಿಗೆ ಹೇಳಿದ್ದೆನು. ಮದುವೆಯಾದ ಮೇಲೆ ಹೆಂಡತಿಗೂ ಅದನ್ನೇ ಹೇಳಿದೆನು. ಹೇಳಿ ಹೇಳಿ ಆ ಮೆಟ್ಟಿಲುಗಳು ನನಗೇ ಕಣ್ಣಿಗೆ ಕಟ್ಟಿದಂತಾಗಿದ್ದುವು. ನಿಜವಾಗಿ ನಾನು ಬಿದ್ದದ್ದು ಆಕಾಶದಿಂದ. ಆಕಾಶವೆಂದರೆ ಬಹಳ ಮೇಲಿನಿಂದಲ್ಲ. ಒಂದು ಆಳಿನ ಎತ್ತರದಿಂದ. ಆ ಒಂದು ಆಳಿನ ಎತ್ತರದ ವಿಚಾರವನ್ನೇ ಈಗ ಬರೆಯಹೊರಟಿದ್ದೇನೆ.

ಇಷ್ಟು ಕಾಲ ಮುಚ್ಚಿಟ್ಟುದನ್ನು ಹೊರಗೆ ಹಾಕುವಂತೆ ಮಾಡಿದವಳು ನನ್ನ ಕಿರಿಯ ಮಗಳು. ಅವಳು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೋದವಳು. 2024ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ, ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಲು ಎರಡು ತಿಂಗಳಿರುವಾಗ, ಒಂದು ರಾತ್ರಿ ದೂರವಾಣಿಯಲ್ಲಿ ಮಾತನಾಡುತ್ತ, "ಅಪ್ಪಾ, ಇಲ್ಲಿ ಗ್ಲೈಡರು ಹಾರಿಸುವುದನ್ನು ಕಲಿಸುವ ಒಂದು ಸಂಘವಿದೆ. ಸೇರೋಣವೆಂದು ಆಸೆ. ನೀವು ಬೇಡವೆಂದರೆ ಬಿಟ್ಟುಬಿಡುತ್ತೇನೆ" ಎಂದಳು. ಅವಳಿಗೆ ಆಗ ಇಪ್ಪತ್ತಮೂರು ವರ್ಷ. ಅವಳಿಗೆ ಯಾರ ರುಜುವೂ ಬೇಕಾಗಿರಲಿಲ್ಲ. ಆದರೂ ಕೇಳಿದಳು. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ಹೆಂಡತಿ, "ಏನೂಂದ್ರೆ, ಎಂಜಿನ್ನೇ ಇಲ್ಲದ ವಿಮಾನವಲ್ಲವೇ ಅದು? ಬೇಡವೆಂದು ಹೇಳಿಬಿಡಿ" ಎಂದಳು. ನಾನು "ನಾಳೆ ಹೇಳುತ್ತೇನೆ ಮಗು" ಎಂದು ಮಾತು ಮುಗಿಸಿ ಜಗಲಿಗೆ ಬಂದು ಕುಳಿತೆನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಎಂಜಿನ್ನಿಲ್ಲದ ವಿಮಾನ ಹಾರುವುದೆಂತು ಎಂದು ಕೇಳುವ ವಾಚಕರಿಗೆ ಎರಡು ಮಾತು ಹೇಳಬೇಕು. ಬೇಸಗೆಯ ಮಧ್ಯಾಹ್ನ ಹದ್ದು ರೆಕ್ಕೆಯನ್ನು ಬಡಿಯದೆ ಸುತ್ತು ಹೊಡೆಯುವುದನ್ನು ನೋಡಿಲ್ಲದವರಾರು? ಕಾದ ನೆಲದಿಂದೇಳುವ ಬಿಸಿಗಾಳಿ ಅದನ್ನು ಎತ್ತುತ್ತದೆ. ಗ್ಲೈಡರಿನ ಧರ್ಮವೂ ಅದೇ. ಗಾಳಿಯ ಲೆಕ್ಕದಲ್ಲಿ ಅದು ಯಾವಾಗಲೂ ಇಳಿಯುತ್ತಲೇ ಇರುತ್ತದೆ. ಆದರೆ ಇಳಿಜಾರು ಅತ್ಯಲ್ಪ. ಹಳೆಯ ಮರದ ಗ್ಲೈಡರುಗಳು ಒಂದಡಿ ಇಳಿಯುವಷ್ಟರಲ್ಲಿ ಸುಮಾರು ಇಪ್ಪತ್ತಡಿ ಮುಂದೆ ಹೋಗುತ್ತಿದ್ದುವು. ಈಗಿನ ತರಬೇತಿಯ ಗ್ಲೈಡರುಗಳು ಮೂವತ್ತಡಿಗೂ ಮಿಕ್ಕು ಹೋಗುತ್ತವೆ. ಸುತ್ತಲಿನ ಗಾಳಿಯೇ ಮೇಲೇಳುತ್ತಿದ್ದರೆ ಗ್ಲೈಡರು ಇಳಿಯುತ್ತಿದ್ದರೂ ಮೇಲೇರುತ್ತದೆ. ಮೊದಲು ಅದನ್ನು ಎತ್ತಿ ಬಿಡುವುದಕ್ಕೆ ಬಯಲಿನ ಒಂದು ಕೊನೆಯಲ್ಲಿ ವಿಂಚೆಂಬ ಯಂತ್ರವಿರುತ್ತದೆ. ಹೆಚ್ಚುಕಡಮೆ ಒಂದು ಕಿಲೋಮೀಟರು ಉದ್ದದ ತಂತಿಯ ಹಗ್ಗವನ್ನು ಅದು ಉರುಳೆಗೆ ಸರ್ರನೆ ಸುತ್ತಿಕೊಳ್ಳುತ್ತದೆ. ಮತ್ತೊಂದು ಕೊನೆಗೆ ಸಿಕ್ಕಿಸಿದ ಗ್ಲೈಡರು ಹುಡುಗರ ಗಾಳಿಪಟದಂತೆ ಏರುತ್ತದೆ. ಸಾವಿರ ಅಡಿಯ ಆಸುಪಾಸಿನಲ್ಲಿ ಹಗ್ಗವನ್ನು ಬಿಟ್ಟುಬಿಡುವುದು. ಅಲ್ಲಿಂದ ಮುಂದೆ ಹಾರುವವನಿಗೆ ಗಾಳಿಯೂ ಬುದ್ಧಿಯೂ ದಿಕ್ಕು.

ಎಂಜಿನ್ನುಳ್ಳ ವಿಮಾನದವನು ಇಳಿಯುವಾಗ ಲೆಕ್ಕ ತಪ್ಪಿದರೆ ವೇಗ ಕೊಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬಲ್ಲನು. ಗ್ಲೈಡರಿನವನಿಗೆ ಆ ಭಾಗ್ಯವಿಲ್ಲ. ಅವನಿಗಿರುವುದು ಒಂದೇ ಇಳಿತ. ಆದುದರಿಂದ ಈ ವಿದ್ಯೆಯ ಮುಕ್ಕಾಲು ಪಾಲು ಇಳಿಯುವ ವಿದ್ಯೆಯೇ ಸರಿ. ಬಯಲಿನ ಮಗ್ಗುಲಲ್ಲಿ ಗಾಳಿಗೆ ಬೆನ್ನುಕೊಟ್ಟು ಹೋಗಬೇಕು, ಅಡ್ಡ ತಿರುಗಬೇಕು, ಮತ್ತೊಮ್ಮೆ ತಿರುಗಿ ಗಾಳಿಗೆ ಮುಖಮಾಡಿ ಇಳಿಯಬೇಕು. ಈ ಕೊನೆಯ ತಿರುವನ್ನು ತೀರ ಕೆಳಗೆ, ನಿಧಾನವಾಗಿ, ಗಾಬರಿಯಿಂದ ಮಾಡಿದವರು ಬದುಕಿ ಉಳಿದುದು ಕಡಮೆ. ಒಂದು ರೆಕ್ಕೆ ಹಿಡಿತ ತಪ್ಪಿ ಗ್ಲೈಡರು ಬುಗುರಿಯಂತೆ ತಿರುಗಿ ನೆಲಕ್ಕೆ ಬೀಳುತ್ತದೆ. ಇನ್ನೊಂದು ಮೋಸವೆಂದರೆ ಗಾಳಿಯದು. ನೆಲದ ಒರಸಾಟದಿಂದ ಗಾಳಿಯ ವೇಗ ಕೆಳಗೆ ಬಂದಂತೆ ಕುಗ್ಗುತ್ತದೆ. ಎದುರುಗಾಳಿಯನ್ನು ನಂಬಿ ಇಳಿಯುತ್ತಿರುವವನಿಗೆ, ಕೊನೆಯ ಐವತ್ತು ಅಡಿಗಳಲ್ಲಿ ಆ ಆಧಾರ ತಾನೇ ಸರಿದುಹೋಗುತ್ತದೆ. ಇದಕ್ಕಾಗಿಯೇ ನಮಗೆ ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಸಿದ್ದರು: ರೆಕ್ಕೆ ಹಿಡಿತ ಬಿಡುವ ವೇಗಕ್ಕೆ ಅದರದೇ ಮೂರನೆಯ ಒಂದು ಪಾಲನ್ನು ಸೇರಿಸು, ಬೀಸುವ ಗಾಳಿಯ ವೇಗದ ಅರ್ಧವನ್ನು ಅದರ ಮೇಲೆ ಕೂಡಿಸು, ಅದಕ್ಕಿಂತ ಕಡಮೆ ವೇಗದಲ್ಲಿ ಇಳಿಯಬೇಡ. ಆ ಲೆಕ್ಕ ಈಗಲೂ ನನ್ನ ಬಾಯಲ್ಲಿದೆ.

ಈ ಎರಡು ಅಪಾಯಗಳನ್ನೂ ನಾನು ಕ್ಷೇಮವಾಗಿ ದಾಟಿದ್ದೆನು. ನನ್ನನ್ನು ಕೆಡವಿದ್ದು ಮೂರನೆಯದು.

1984ನೆಯ ಇಸವಿ. ನಾನು ಸಂಸ್ಕೃತ ಬಿ.ಎ. ತರಗತಿಯಲ್ಲಿ ಓದುತ್ತಿದ್ದೆನು, ವಯಸ್ಸು ಇಪ್ಪತ್ತು. ಊರ ಹೊರಗಿನ ಬಯಲಿನಲ್ಲಿ ವಿದ್ಯಾರ್ಥಿಗಳಿಗೆ ಗ್ಲೈಡರು ಕಲಿಸುತ್ತಿದ್ದರು. ನಾನು ಕಲಿತ ಗ್ಲೈಡರಿನ ಹೆಸರು ರೋಹಿಣಿ. ನಮ್ಮ ದೇಶದ ನಾಗರಿಕ ವಿಮಾನಯಾನ ಇಲಾಖೆಯವರು ತಾವು ರೂಪಿಸಿದ ಗ್ಲೈಡರುಗಳಿಗೆ ನಕ್ಷತ್ರಗಳ ಹೆಸರುಗಳನ್ನಿಟ್ಟಿದ್ದರು. 1958ರಲ್ಲಿ ಹಾರಿದುದು ಅಶ್ವಿನಿ; 1961ರಲ್ಲಿ ಹಾರಿದುದು ರೋಹಿಣಿ; ಭರಣಿ, ಕಾರ್ತಿಕ, ಮೃಗಶಿರ, ಆರ್ದ್ರಾ ಎಂಬ ಹೆಸರುಗಳೂ ಉಂಟು. ಇಪ್ಪತ್ತೇಳು ನಕ್ಷತ್ರಗಳನ್ನು ಬಾಲ್ಯದಲ್ಲೇ ಕಂಠಪಾಠ ಮಾಡಿದ್ದ ನನಗೆ ಇದರಿಂದಾದ ಸಂತೋಷ ಅಷ್ಟಿಷ್ಟಲ್ಲ. ಚಂದ್ರನಿಗೆ ಇಪ್ಪತ್ತೇಳು ಮಂದಿ ಹೆಂಡಿರಲ್ಲಿ ರೋಹಿಣಿಯ ಮೇಲೆ ಪ್ರೀತಿ ಹೆಚ್ಚೆಂದು ಪುರಾಣ ಹೇಳುವುದಷ್ಟೆ. ಶಿಕ್ಷಕನೂ ಶಿಷ್ಯನೂ ಮಗ್ಗುಲು ಮಗ್ಗುಲಲ್ಲಿ ಕುಳಿತು ಹಾರತಕ್ಕ ಆ ಸಾಧುವಾದ ಯಂತ್ರವನ್ನು ನಾನೂ ಪ್ರೀತಿಸಿದೆನು.

ಸೇರುವುದಕ್ಕೆ ಒಪ್ಪಿಗೆಯ ಪತ್ರದಲ್ಲಿ ತಂದೆಯ ರುಜು ಬೇಕಾಗಿದ್ದಿತು. ನಮ್ಮ ತಂದೆಯವರು ಪಾಠಶಾಲೆಯ ಪಂಡಿತರು. ರೈಲು ಹತ್ತುವಾಗಲೂ ದೇವರಿಗೆ ಕಾಣಿಕೆ ಮುಡಿಪುಕಟ್ಟುವವರು. ಅವರು ಒಪ್ಪುವುದಿಲ್ಲವೆಂದು ನಾನೇ ತೀರ್ಮಾನಿಸಿಕೊಂಡೆನು, ಕೇಳಲಿಲ್ಲ. ಅವರು ಬರೆದುಕೊಟ್ಟ ಮೇಲ್ಪಂಕ್ತಿಯನ್ನು ತಿದ್ದಿಯೇ ನಾನು ಅಕ್ಷರ ಕಲಿತವನು. ಅವರ ಕೈಬರಹ ನನಗೆ ಕರಗತವಾಗಿದ್ದಿತು. ಆ ವಿದ್ಯೆಯನ್ನು ಹೀಗೆ ಉಪಯೋಗಿಸಿಕೊಂಡೆನು.

ನನ್ನ ಶಿಕ್ಷಕರು ಕೊಡಗಿನವರು, ವಾಯುಸೈನ್ಯದಲ್ಲಿದ್ದು ಬಂದವರು, ಮಾತು ಕಡಮೆ. ಇಳಿಯುವಾಗ ಎಲ್ಲಿ ನೆಲ ಮುಟ್ಟಬೇಕೆಂದಿದ್ದೀಯೋ ಅದಕ್ಕೆ ಕೊಂಚ ಈಚೆಗೆ ಒಂದು ಗುರುತನ್ನು ಹಿಡಿದುಕೊ ಎನ್ನುತ್ತಿದ್ದರು. ಆ ಗುರುತು ಎದುರಿನ ಗಾಜಿನಲ್ಲಿ ನಿಂತಲ್ಲೇ ನಿಂತು ದೊಡ್ಡದಾಗುತ್ತಿದ್ದರೆ ನೀನು ಸರಿಯಾಗಿ ಅಲ್ಲಿಗೇ ಹೋಗುತ್ತಿದ್ದೀಯೆ; ಅದು ಮೇಲಕ್ಕೆ ಸರಿದರೆ ನೀನು ಈಚೆಯೇ ಬೀಳುತ್ತೀಯೆ; ಕೆಳಕ್ಕೆ ಸರಿದರೆ ಅದನ್ನು ದಾಟಿಹೋಗುತ್ತೀಯೆ. ನೆಲ ಹತ್ತಿರವಾದಾಗ ಹಿಡಿಗೋಲನ್ನು ಮೆಲ್ಲಗೆ ಹಿಂದಕ್ಕೆ ತಂದು ಇಳಿಜಾರನ್ನು ಮಟ್ಟಸಮಾಡಿ, ನೆಲದ ಮೇಲೆ ಗೇಣೆರಡು ಗೇಣಿನಲ್ಲಿ ತೇಲಿಸುತ್ತ, ವೇಗ ತಾನಾಗಿ ಕರಗಿ ಗ್ಲೈಡರು ತಾನಾಗಿ ಕುಳಿತುಕೊಳ್ಳುವವರೆಗೆ ಕಾಯಬೇಕು. ಈ ಕಾಯುವುದು ಯಾವ ಶಿಷ್ಯನಿಗೂ ಬೇಗ ಬರುವುದಿಲ್ಲ. ನೆಲ ಅಷ್ಟು ಹತ್ತಿರವಿರುವಾಗ ಕೈ ಸುಮ್ಮನಿರಲೊಲ್ಲದು.

ನಾನು ಒಂಟಿಯಾಗಿ ಹಾರತೊಡಗಿ ಕೆಲವು ದಿನಗಳಾಗಿದ್ದುವು. ಅಂದು ಬೆಳಗ್ಗೆ ಏನೂ ಕೊರತೆಯಿರಲಿಲ್ಲ, ಗಾಳಿ ಮಂದವಾಗಿದ್ದಿತು, ಗುರುತು ಗಾಜಿನಲ್ಲಿ ನಿಂತೇ ಇದ್ದಿತು. ವೇಗ ಮಾತ್ರ ಕೊಂಚ ಹೆಚ್ಚು. ನೆಲ ಎದ್ದು ಬಂದಂತೆ ತೋರಿತು. ಹಿಡಿಗೋಲನ್ನು ಬೇಕಾದುದಕ್ಕಿಂತ ಜೋರಾಗಿ ಎಳೆದೆನು. ಗ್ಲೈಡರು ಇಳಿಯುವುದನ್ನು ಬಿಟ್ಟು ಏಳೆಂಟು ಅಡಿ ಮೇಲಕ್ಕೆ ಉಬ್ಬಿತು. ಇದು ಹೊಸಬರೆಲ್ಲರೂ ಮಾಡುವ ತಪ್ಪು; ದೊಡ್ಡದೇನೂ ಅಲ್ಲ. ಆಗ ಮಾಡಬೇಕಾದುದು ಇಷ್ಟೆ: ಮೂಗನ್ನು ಮಟ್ಟಕ್ಕೆ ತಂದು ಹಾಗೆಯೇ ಹಿಡಿದಿರುವುದು, ರೆಕ್ಕೆಯ ಮೇಲಿನ ತಡೆಹಲಗೆಗಳು ಎದ್ದಿದ್ದರೆ ಅವನ್ನು ಕೊಂಚ ತಗ್ಗಿಸುವುದು, ಕಾಯುವುದು. ಮುಂದೆ ಬಯಲು ಬೇಕಾದಷ್ಟಿದ್ದಿತು. ಆದರೆ ಎದುರಿಗೆ ಬರಿಯ ಆಕಾಶ ಕಂಡು ನನಗೆ ದಿಗಿಲಾಯಿತು; ಹಿಡಿಗೋಲನ್ನು ಮುಂದಕ್ಕೆ ತಳ್ಳಿದೆನು. ಹೊಟ್ಟೆಯ ಕೆಳಗಿನ ಒಂಟಿ ಚಕ್ರ ನೆಲಕ್ಕೆ ಅಪ್ಪಳಿಸಿ ಗ್ಲೈಡರು ಮೊದಲಿಗಿಂತ ಎತ್ತರಕ್ಕೆ ಪುಟಿಯಿತು. ನಾನು ಮತ್ತೆ ತಳ್ಳಿದೆನು. ಮತ್ತೆ ಅಪ್ಪಳಿಸಿತು. ಮೂರನೆಯ ಸಲ ಪುಟಿದಾಗ ವೇಗವೆಲ್ಲ ಮುಗಿದಿದ್ದಿತು. ರೆಕ್ಕೆಗಳು ಹಿಡಿತ ಬಿಟ್ಟುವು. ಒಂದು ಆಳಿನ ಎತ್ತರದಿಂದ ಗ್ಲೈಡರು ಮಣೆಯಂತೆ ಚಪ್ಪಟೆಯಾಗಿ ಬಿದ್ದಿತು. ಮೊದಲ ತಪ್ಪಿನಿಂದ ಕೊನೆಯ ಪೆಟ್ಟಿನವರೆಗೆ ಹತ್ತು ಸೆಕೆಂಡುಗಳಾದುವೋ ಇಲ್ಲವೋ ತಿಳಿಯೆ.

ಒಂದು ಆಳಿನ ಎತ್ತರವೆಂದರೆ ಏನು ಮಹಾ ಎಂದು ತೋರಬಹುದು. ನನ್ನ ಜತೆಯಲ್ಲಿ ಕೆಲಸಮಾಡುತ್ತಿದ್ದ ವಿಜ್ಞಾನದ ಉಪಾಧ್ಯಾಯರೊಬ್ಬರಿಂದ, ಯಾರಿಗೋ ಆದದ್ದೆಂಬಂತೆ ಕೇಳಿ, ನಾನು ಲೆಕ್ಕ ಮಾಡಿಸಿದ್ದೆನು. ಆರಡಿಯಿಂದ ಬಿಟ್ಟ ವಸ್ತು ನೆಲ ಮುಟ್ಟುವಾಗ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಮೀರಿದ ವೇಗವಿರುತ್ತದೆ. ರೆಕ್ಕೆಗಳು ಅಷ್ಟಿಷ್ಟು ಆಧಾರ ಕೊಡುವುದರಿಂದ ನನ್ನ ವೇಗ ಅದಕ್ಕಿಂತ ಕಡಮೆಯಿದ್ದಿರಬೇಕು. ಆದರೆ ಆ ವೇಗವೆಲ್ಲ ಅಡಗಬೇಕಾದುದು ಆಸನದ ಕೆಳಗಿನ ಕೆಲವು ಅಂಗುಲಗಳಲ್ಲಿ. ಕುಳಿತವನ ಬೆನ್ನುಮೂಳೆ ನೆಟ್ಟಗೆ ನಿಂತ ಕಂಬ. ಪೆಟ್ಟು ಕೆಳಗಿನಿಂದ ನೇರವಾಗಿ ಅದರೊಳಕ್ಕೆ ಹೋಗುತ್ತದೆ. ಎದೆಯ ಭಾಗ ಮುಗಿದು ಸೊಂಟದ ಭಾಗ ಮೊದಲಾಗುವ ಸಂಧಿಯಲ್ಲಿ ಮೂಳೆಯ ಬಿಲ್ಲೆ ಮುಂಗಡೆ ಜಜ್ಜಿಹೋಗುತ್ತದೆ. ಇಂಥ ಪೆಟ್ಟಿನಲ್ಲಿ ಬಹಳ ಮಂದಿಗೆ ಮುರಿಯುವುದು ಅಲ್ಲಿಯೇ ಎಂದು ವೈದ್ಯರು ಹೇಳಿದರು. ನನಗೂ ಅಲ್ಲಿಯೇ.

ಶಿಕ್ಷಕರು ಓಡಿಬಂದು, ಏಳಲು ಹೊರಟ ನನ್ನ ಹೆಗಲನ್ನು ಹಿಡಿದು, "ಅಲುಗಾಡಬೇಡ, ಕೂತಲ್ಲೇ ಕೂತಿರು" ಎಂದರು. ಆ ಮಾತೇ ನನ್ನ ಕಾಲುಗಳನ್ನು ಉಳಿಸಿತೆಂದು ಆಮೇಲೆ ತಿಳಿಯಿತು. ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ಅವರು ನೋಡಲು ಬಂದಾಗ ನಾನು ಅಳುತ್ತ ನನ್ನ ತಪ್ಪನ್ನು ಒಪ್ಪಿಕೊಂಡೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳೆದದ್ದು ತಪ್ಪಲ್ಲಪ್ಪಾ, ಎಲ್ಲರೂ ಎಳೆಯುತ್ತಾರೆ. ಎಳೆದದ್ದನ್ನು ತಿದ್ದಲು ಹೋದೆಯಲ್ಲ, ಅದರಿಂದ ಬೆನ್ನು ಮುರಿಯಿತು" ಎಂದರು. ಆ ಮೇಲೆ ಅವರನ್ನು ನಾನು ನೋಡಲಿಲ್ಲ.

ತಂದೆಯವರಿಗೆ ಮೆಟ್ಟಿಲಿನ ಕಥೆ ಹೇಳಿದುದು ಆಗಲೇ. ನಿಜ ಹೇಳಿದರೆ ರುಜುವಿನ ಸಂಗತಿ ಹೊರಬೀಳುತ್ತಿದ್ದಿತು. ಅವರು ನನ್ನನ್ನು ಊರಿಗೆ ಕರೆದೊಯ್ದರು. ಮೂರು ತಿಂಗಳು ಎದೆಯಿಂದ ಸೊಂಟದವರೆಗೆ ಕಟ್ಟು. ಬಿಚ್ಚಿದ ಮೇಲೆ ಪ್ರತಿ ಶನಿವಾರ ಅವರೇ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ವಿದ್ಯಾರ್ಥಿನಿಲಯದ ಮೆಟ್ಟಿಲುಗಳು ಜಾರುತ್ತವೆ, ಬೇರೆಯವರ ಮಕ್ಕಳಿಗೂ ಹೀಗಾಗಬಾರದು, ದಯಮಾಡಿ ದುರಸ್ತಿ ಮಾಡಿಸಬೇಕೆಂದು ಅಲ್ಲಿಯ ಮೇಲ್ವಿಚಾರಕರಿಗೆ ಒಂದು ಕಾಗದ ಬರೆದು, ಕೊಡೆಂದು ನನ್ನ ಕೈಯಲ್ಲೇ ಕಳುಹಿಸಿದರು. ದಾರಿಯಲ್ಲಿ ನಾನು ಅದನ್ನು ಹರಿದು ಹಾಕಿದೆನು. 1999ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಪ್ರಾಸಂಗಿಕ ವಿಷಯವನ್ನು ಹೇಳುವೆನು. ಸಂಸ್ಕೃತದಲ್ಲಿ ಪತ್ ಎಂಬ ಧಾತುವಿಗೆ ಹಾರುವುದೂ ಬೀಳುವುದೂ ಎರಡೂ ಅರ್ಥ. ಪತತ್ರಿ, ಪತಗ ಎಂದರೆ ಹಕ್ಕಿ, ಪತನವೆಂದರೆ ಬೀಳುವುದು. ತರಗತಿಯಲ್ಲಿ ಒಬ್ಬ ಹುಡುಗ ಎದ್ದುನಿಂತು, "ಸಾರ್, ಎರಡೂ ವಿರುದ್ಧವಲ್ಲವೇ?" ಎಂದು ಕೇಳಿದನು. ಧಾತುಪಾಠವು ಅದಕ್ಕೆ ಗತಿ, ಎಂದರೆ ಚಲನೆ, ಎಂಬಷ್ಟೇ ಅರ್ಥ ಹೇಳುತ್ತದೆ, ಉಳಿದುದೆಲ್ಲ ಪ್ರಯೋಗದಿಂದ ಬಂದುದು ಎಂದು ನಾನು ಶಾಸ್ತ್ರೋಕ್ತವಾದ ಉತ್ತರವನ್ನು ಕೊಟ್ಟೆನು. ಇನ್ನೊಂದು ಉತ್ತರ ನನ್ನ ಬೆನ್ನಿನಲ್ಲಿದ್ದಿತು, ಅದನ್ನು ಕೊಡಲಿಲ್ಲ.

ಮಗಳು ಕೇಳಿದ ಮಾರನೆಯ ಬೆಳಗ್ಗೆ ಕಾಫಿ ಕುಡಿಯುವಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆನು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು. ಬಹಳ ಹೊತ್ತಿನ ಮೇಲೆ, "ಮಾವನವರು ನಿಮ್ಮ ಬೆನ್ನಿಗೆ ಎಷ್ಟು ವರ್ಷ ಎಣ್ಣೆ ತಿಕ್ಕಿದರು. ಅವರಿಗಾದರೂ ಹೇಳಬಾರದಾಗಿತ್ತೇ?" ಎಂದು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅಂದು ರಾತ್ರಿ ಮಗಳಿಗೂ ಹೇಳಿದೆನು. ನಾನು ಬೇಡವೆನ್ನುವುದಿಲ್ಲ, ಆದರೆ ಇದಿಷ್ಟನ್ನು ಕೇಳಿದ ಮೇಲೆ ನೀನೇ ಯೋಚಿಸು ಎಂದೆನು. ಅವಳು ಕೇಳಿದುದು ಒಂದೇ ಪ್ರಶ್ನೆ: "ಮೊದಲನೆಯ ಸಲ ತಳ್ಳಿ ಪೆಟ್ಟುಬಿದ್ದ ಮೇಲೂ ಎರಡನೆಯ ಸಲ ಯಾಕೆ ತಳ್ಳಿದಿರಿ ಅಪ್ಪಾ?" ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರ ತಪ್ಪುಗಳನ್ನು ಕೆಂಪುಶಾಯಿಯಿಂದ ತಿದ್ದಿದವನು ನಾನು.

ಅವಳು ಏಪ್ರಿಲಿನಲ್ಲಿ ಸೇರಿದಳು. ನಾನು ನಿವೃತ್ತನಾದ ಮೇಲೆ, ಆಗಸ್ಟು ತಿಂಗಳಿನಲ್ಲಿ, ಅವಳೇ ಟಿಕೇಟು ಕಳುಹಿಸಿ ನನ್ನನ್ನು ಕರೆಸಿಕೊಂಡಳು. ಹೆಂಡತಿ ವಿಮಾನದಲ್ಲಿ ಅಷ್ಟು ದೂರ ಬರಲೊಲ್ಲೆನೆಂದಳು. ಆದರೆ ಮಗಳು ಕುಳಿತುಕೊಳ್ಳುವುದಕ್ಕೆಂದು ಬೂರುಗದ ಹತ್ತಿ ತುಂಬಿ ಒಂದು ಮೆತ್ತೆ ಹೊಲಿದು ಕೊಟ್ಟಳು. ಅದನ್ನು ನಾನು ಅಲ್ಲಿಯ ಶಿಕ್ಷಕರಿಗೆ ತೋರಿಸಿದಾಗ ಅವರು ಎರಡು ಕೈಯಲ್ಲೂ ಒತ್ತಿನೋಡಿ, ಗೌರವದಿಂದಲೇ ಹಿಂದಕ್ಕೆ ಕೊಟ್ಟರು. ಮೆತ್ತಗಿನ ದಿಂಬು ಗ್ಲೈಡರಿನಲ್ಲಿ ಶತ್ರುವಂತೆ. ಬಿದ್ದಾಗ ಆಸನ ನಿಂತುಬಿಡುತ್ತದೆ, ಮೈ ದಿಂಬನ್ನು ಒತ್ತುತ್ತ ಇನ್ನೂ ಇಳಿಯುತ್ತಲೇ ಇರುತ್ತದೆ. ಕೊನೆಗೆ ಗಟ್ಟಿಗೆ ತಾಗುವಾಗ ಪೆಟ್ಟು ಇಮ್ಮಡಿಯಾಗುತ್ತದೆ. ಅವರು ಹಾಕುವುದು ಒತ್ತಿದರೆ ನಿಧಾನವಾಗಿ ಬಗ್ಗುವ, ಬಿಟ್ಟರೆ ನಿಧಾನವಾಗಿ ಏಳುವ ಒಂದು ಬಗೆಯ ಗಟ್ಟಿ ನೊರೆಹಲಗೆ. ನಮ್ಮ ಕಾಲದಲ್ಲಿ ನಾನು ಕುಳಿತುದು ಎಂಥ ಮೆತ್ತೆಯ ಮೇಲೆಂದು ನೆನೆಯಲು ನೋಡಿದೆನು, ನೆನಪಾಗಲಿಲ್ಲ. ಹೆಂಡತಿಯ ಮೆತ್ತೆ ಮಗಳ ಕೊಠಡಿಯ ಕುರ್ಚಿಯ ಮೇಲಿದೆ.

ಮಗಳು ನನ್ನನ್ನು ವಾಸರ್‌ಕುಪ್ಪೆ ಎಂಬ ಗುಡ್ಡಕ್ಕೆ ಕರೆದುಕೊಂಡು ಹೋದಳು. ರ್‍ಹೋನ್ ಎಂಬ ಬೆಟ್ಟಸಾಲಿನಲ್ಲಿ ಅದೇ ಎತ್ತರವಾದುದು, 950 ಮೀಟರು. ಹುಲ್ಲು ತುಂಬಿದ ಬೋಳುನೆತ್ತಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ನುಳ್ಳ ವಿಮಾನಗಳ ಮೇಲೆ ಕಟ್ಟುಪಾಡು ಬಿದ್ದಾಗ, ಅಲ್ಲಿಯ ಹುಡುಗರು ಎಂಜಿನ್ನಿಲ್ಲದೆಯೇ ಹಾರೋಣವೆಂದು ಈ ಗುಡ್ಡವನ್ನು ಹತ್ತಿದರು. 1920ರಿಂದ ಇಲ್ಲಿ ಸ್ಪರ್ಧೆಗಳು ನಡೆದುವು. ಈಗ ಗ್ಲೈಡರುಗಳ ಒಂದು ವಸ್ತುಸಂಗ್ರಹಾಲಯವಿದೆ. ಅದರಲ್ಲಿ ನಾನು ಬಹಳ ಹೊತ್ತು ನಿಂತುದು ಹಳೆಯ ತರಬೇತಿಯ ಗ್ಲೈಡರಿನ ಮುಂದೆ. ಎಸ್.ಜಿ. 38 ಎಂಬುದು ಅದರಲ್ಲಿ ಪ್ರಸಿದ್ಧವಾದುದು, 1938ರ ರಚನೆ. ಅದಕ್ಕೆ ಒಡಲೇ ಇಲ್ಲ. ಮೇಲೆ ರೆಕ್ಕೆ, ಕೆಳಗೆ ಒಂದು ಮರದ ದಿಮ್ಮಿ, ದಿಮ್ಮಿಯ ಮೇಲೆ ಒಂದು ಪೀಠ. ಗಾಳಿಗೆ ಮೈಯೊಡ್ಡಿ ಕುಳಿತ ಹುಡುಗನನ್ನು ಇಬ್ಬದಿಯಲ್ಲಿ ಗೆಳೆಯರು ರಬ್ಬರಿನ ಹಗ್ಗ ಹಿಡಿದು ಓಡಿ, ಕವಣೆಯಿಂದ ಕಲ್ಲನ್ನು ಬಿಡುವಂತೆ ಬಿಡುತ್ತಿದ್ದರು. ಆಸನ ಒಂದೇ. ಮೊದಲನೆಯ ದಿನದಿಂದಲೇ ಹುಡುಗ ಒಂಟಿ. ಗುರು ಕೆಳಗೆ ನಿಂತು ಕೂಗಿ ಹೇಳುವವನು. ಮೊದಲು ನೆಲದ ಮೇಲೆಯೇ ಜಾರುವುದು, ಆಮೇಲೆ ಮೊಳದೆತ್ತರ ಹಾರಿ ಇಳಿಯುವುದು, ಆಮೇಲೆ ಇಳಿಜಾರಿನಿಂದ ಕೊಂಚ ಮೇಲೆ. ಒಂದೊಂದು ನೆಗೆತಕ್ಕೂ ಒಂದೊಂದು ಇಳಿತ; ಹಾರಾಟ ಕೆಲವೇ ಸೆಕೆಂಡು. ಎಷ್ಟು ದಿಮ್ಮಿಗಳು ಮುರಿದುವೋ, ಎಷ್ಟು ಬೆನ್ನುಗಳೋ. ಇಬ್ಬರು ಕೂಡುವ ಗ್ಲೈಡರುಗಳಲ್ಲಿ ಕಲಿಸುವುದು ರೂಢಿಯಾದುದು ತರುವಾಯ. ಗುರುವಿನ ಕೈ ಇನ್ನೊಂದು ಹಿಡಿಗೋಲಿನ ಮೇಲಿರುವಂತಾದುದು ಈ ವಿದ್ಯೆಯಲ್ಲಿ ಎಷ್ಟು ದೊಡ್ಡ ಸುಧಾರಣೆಯೆಂಬುದು ಆ ಪೀಠವನ್ನು ನೋಡಿದವರಿಗೇ ಗೊತ್ತು.

ಇವರಿಗೆಲ್ಲ ಹಿರಿಯನಾದ ಓಟೋ ಲಿಲಿಯೆಂಟಾಲನಿಗೆ ಕೂಗಿ ಹೇಳುವ ಗುರುವೂ ಇರಲಿಲ್ಲ. 1891ರಿಂದ ಅವನು ವಿಲ್ಲೋ ಮರದ ಕಡ್ಡಿ ಬಟ್ಟೆಗಳ ರೆಕ್ಕೆ ಕಟ್ಟಿಕೊಂಡು ಗುಡ್ಡಗಳಿಂದ ಸುಮಾರು ಎರಡು ಸಾವಿರ ಸಲ ತೇಲಿ ಇಳಿದನೆಂದು ಹೇಳುತ್ತಾರೆ. ಬಿದ್ದಾಗ ಪೆಟ್ಟನ್ನು ತಾನು ಹೀರಲೆಂದು ಎದುರಿಗೆ ಬಿಲ್ಲಿನಂತೆ ಬಗ್ಗಿಸಿದ ಒಂದು ಕಟ್ಟನ್ನೂ ಅವನು ಕಲ್ಪಿಸಿದ್ದನು. 1896ನೆಯ ಆಗಸ್ಟು 9ರಂದು ಗಾಳಿಯ ಹೊಡೆತಕ್ಕೆ ಅವನ ಗ್ಲೈಡರು ಮೂಗೆತ್ತಿ ನಿಂತು, ಸುಮಾರು ಹದಿನೈದು ಮೀಟರಿನಿಂದ ಬಿದ್ದು, ಅವನ ಬೆನ್ನೆಲುಬು ಮುರಿಯಿತು. ಮಾರನೆಯ ದಿನ ಬರ್ಲಿನ್ನಿನಲ್ಲಿ ಪ್ರಾಣ ಬಿಟ್ಟನು.

ಮಗಳ ಸಂಘದ ಬಯಲು ಒಂದು ಹಳ್ಳಿಯ ಹೊರಗೆ, ಜೋಳದ ಹೊಲಗಳ ನಡುವೆ. ಅಲ್ಲಿ ಕಲಿಸುವವರು ಸಂಬಳ ಪಡೆಯುವುದಿಲ್ಲ. ಕಲಿಯುವವರು ದಿನವಿಡೀ ಹಗ್ಗ ಎಳೆತರುವುದು, ಗ್ಲೈಡರು ತಳ್ಳುವುದು, ರೆಕ್ಕೆ ಹಿಡಿಯುವುದು ಮುಂತಾದ ಊಳಿಗವನ್ನು ಮಾಡಬೇಕು. ಗುರುಕುಲವೆಂದರೆ ತಪ್ಪಾಗದು. ಹದಿನಾಲ್ಕು ವರ್ಷದ ಮಕ್ಕಳೂ ಒಂಟಿಯಾಗಿ ಹಾರುವುದಕ್ಕೆ ಅಲ್ಲಿಯ ಕಾನೂನಿನಲ್ಲಿ ಆಸ್ಪದವಿದೆ. ಬಯಲಿನ ಅಂಚಿನ ಬೆಂಚಿನ ಮೇಲೆ ಕುಳಿತು ನಾನು ನಾಲ್ಕು ಶನಿವಾರ ಭಾನುವಾರಗಳಲ್ಲಿ ನೂರಾರು ಇಳಿತಗಳನ್ನು ನೋಡಿದೆನು. ಒಂದು ಮಧ್ಯಾಹ್ನ ಹದಿನಾರರ ಹುಡುಗನೊಬ್ಬ ಗಡಸಾಗಿ ನೆಲಕ್ಕೆ ತಾಗಿ ಮೇಲಕ್ಕೆ ಪುಟಿದನು. ನನ್ನ ಬೆನ್ನು ಬಿಗಿದುಹೋಯಿತು. ಹುಡುಗ ಏನನ್ನೂ ಮಾಡಲಿಲ್ಲ. ಗ್ಲೈಡರು ಗಾಳಿಯಲ್ಲಿ ಮಟ್ಟವಾಗಿ ತೇಲಿ, ಹಿಂಜರಿದು, ಐವತ್ತು ಗಜ ಮುಂದೆ ಹೋಗಿ ಮೆಲ್ಲಗೆ ಕುಳಿತಿತು. ಅವನು ಇಳಿದು ಬಂದವನೇ ಬ್ರೆಡ್ಡು ತಿನ್ನತೊಡಗಿದನು. ಆ ಏನನ್ನೂ ಮಾಡದಿರುವುದನ್ನು ಕಲಿಯಲು ಅವನಿಗೆ ಎಷ್ಟು ಹಾರಾಟಗಳಾದುವೆಂದು ಮಗಳ ಮೂಲಕ ಕೇಳಿಸಿದೆನು. ಲೆಕ್ಕವಿಟ್ಟಿಲ್ಲವೆಂದು ನಕ್ಕನು.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಗ್ಗೆ ಶಿಕ್ಷಕರು ಮಗಳೊಡನೆ ಎರಡು ಸಲ ಹಾರಿ ಬಂದರು. ಮೂರನೆಯ ಸಲ ಹಿಂದಿನ ಆಸನದಿಂದ ಇಳಿದು, ಖಾಲಿಯಾದ ಆಸನದ ಪಟ್ಟಿಗಳನ್ನು ತಾವೇ ಬಿಗಿದು ಕಟ್ಟಿ, ಅವಳಿಗೆ ಏನೋ ಒಂದು ಮಾತು ಹೇಳಿ ಸರಿದು ನಿಂತರು. ನನ್ನ ಕಡೆಗೆ ಒಮ್ಮೆ ತಿರುಗಿ ನೋಡಿದರು. ಹಗ್ಗ ಬಿಗಿಯಿತು. ಮಗಳು ಮೇಲೇರಿದಳು.

ಏರುವುದನ್ನೂ ಸುತ್ತುವುದನ್ನೂ ನಾನು ಸರಿಯಾಗಿ ನೋಡಲಿಲ್ಲ. ವಿಷ್ಣುಸಹಸ್ರನಾಮವನ್ನು ಎಲ್ಲಿಯೋ ನಡುವಿನಿಂದ ಹೇಳುತ್ತಿದ್ದೆನು. ಕೊನೆಯ ತಿರುವು ಚೆನ್ನಾಗಿ ಎತ್ತರದಲ್ಲಿಯೇ ಆಯಿತು. ಬಿಳಿಯ ರೆಕ್ಕೆಗಳು ನೇರವಾಗಿ ನಮ್ಮ ಕಡೆಗೆ ಮುಖಮಾಡಿದುವು. ರೆಕ್ಕೆಯ ಮೇಲೆ ತಡೆಹಲಗೆಗಳೆದ್ದುವು. ಬೇಲಿ ದಾಟಿತು. ಮೂಗು ಮಟ್ಟಕ್ಕೆ ಬಂದಿತು. ಮಟ್ಟಕ್ಕೆ ಬಂದುದು ಕೊಂಚ ಹೆಚ್ಚಾಯಿತು. ಗ್ಲೈಡರು ಒಂದು ಮಾರು ಮೇಲಕ್ಕೆ ಉಬ್ಬಿತು.

ಅವಳು ಕಾದಳು. ಒಂದು ಉಸಿರು, ಎರಡು ಉಸಿರು. ಗ್ಲೈಡರು ತನ್ನ ಭಾರವನ್ನು ತಾನೇ ಅರಿತಂತೆ ಇಳಿದು ಹುಲ್ಲಿನ ಮೇಲೆ ಹರಿದು ನಿಂತಿತು. ಒಂದು ರೆಕ್ಕೆ ಮೆಲ್ಲಗೆ ಬಾಗಿ ನೆಲ ಮುಟ್ಟಿತು. ಆಗ ನಾನು ನನ್ನ ಬಲಗೈಯನ್ನು ನೋಡಿಕೊಂಡೆನು. ಅದು ಮುಷ್ಟಿ ಕಟ್ಟಿಕೊಂಡು, ಮೊಣಕಾಲನ್ನು ದಾಟಿ, ಮುಂದಕ್ಕೆ ಚಾಚಿದ್ದಿತು. ನಲವತ್ತು ವರ್ಷಗಳ ಮೇಲೆಯೂ ಅದು ತಳ್ಳಿದ್ದಿತು.

ಅವಳು ಇನ್ನೆರಡು ಸಲ ಒಂಟಿಯಾಗಿ ಹಾರಿ ಇಳಿದಳು. ಅಲ್ಲಿ ಮೂರು ಇಳಿತಗಳಾದರೆ ಮೊದಲನೆಯ ಪರೀಕ್ಷೆ ಮುಗಿದಂತೆ. ಮುಗಿದ ಕೂಡಲೆ ಸಂಘದವರೆಲ್ಲ ಸಾಲಾಗಿ ಬಂದು ಅವಳ ಕುಂಡಿಗೆ ಒಂದೊಂದು ಪೆಟ್ಟು ಕೊಟ್ಟರು. ಹಾಗೆ ಮಾಡಿದರೆ ಮೇಲೇಳುವ ಬಿಸಿಗಾಳಿಯನ್ನು ಆಸನದಲ್ಲಿ ಕುಳಿತಂತೆಯೇ ಅರಿಯುವ ಸೂಕ್ಷ್ಮ ಬರುತ್ತದೆಂದು ಅವರ ಹಾಸ್ಯ. ಬೆತ್ತ ಹಿಡಿಯುವುದನ್ನು ಬಿಟ್ಟು ಬಹಳ ವರ್ಷಗಳಾದ ನನಗೆ ಇದು ವಿಚಿತ್ರವಾಗಿ ಕಂಡಿತು. ಆಮೇಲೆ ಹೊಲದ ಬದುವಿನಿಂದ ಕಿತ್ತು ಕಟ್ಟಿದ ಒಂದು ಗುಚ್ಛವನ್ನು ಕೈಗೆ ಕೊಟ್ಟರು: ಮುಳ್ಳುಹೂಗಳು, ನಡುವೆ ನಮ್ಮ ತುರುಚಿಗಿಡದ ದಾಯಾದಿಯಾದ ಒಂದು ಸೊಪ್ಪು. ಅದನ್ನು ಬರಿಗೈಯಲ್ಲಿ ಹಿಡಿಯಬೇಕಂತೆ.

ಮಗಳು ಗ್ಲೈಡರನ್ನು ತಳ್ಳಲು ಹೋಗುವಾಗ, "ಸ್ವಲ್ಪ ಹಿಡಿದುಕೊಳ್ಳಿ ಅಪ್ಪಾ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು. ಅಷ್ಟರಲ್ಲಿ ಊರಿನಿಂದ ಹೆಂಡತಿಯ ಕರೆ ಬಂದಿತು.

"ಇಳಿದಳೇ?"

"ಇಳಿದಳು" ಎಂದೆನು. ಕೈ ಉರಿಯುತ್ತಿದ್ದಿತು. ರಾತ್ರಿಯವರೆಗೂ ಉರಿಯಿತು.